ಅವನ ಪಕ್ಕ ಹೋಗಿ ಕೂರು

‘ನಮ್ಮ ಶಾಲೆಯ ಹುಡುಗನೊಬ್ಬನನ್ನು ಜಾತಿ ಹಿಡಿದು ಹಂಗಿಸುವಾಗ ನಾನು ನಗಲಿಲ್ಲ, ಆದರೆ ಸುಮ್ಮನಿದ್ದೆ’ ಎಂದು ಬರೆದಿದ್ದೀಯ. ಆ ಸಂಕಟ ನಿನ್ನೊಳಗಿದೆಯಲ್ಲ, ಅದೇ ನಿನ್ನ ಬಲ ಮಗಳೇ.

ಹಂಗಿಸುವವರ ಗುಂಪು ದೊಡ್ಡದು ಎಂಬ ಹೆದರಿಕೆ ಸಹಜ. ಆದರೆ ಅಂಥ ಗುಂಪಿನ ಎದುರು ನಿಂತ ಮಕ್ಕಳೂ ಇದ್ದಾರೆ. 2007ರಲ್ಲಿ ಕೆನಡಾದ ನೋವಾ ಸ್ಕೋಷಿಯಾದ ಪ್ರೌಢಶಾಲೆಯೊಂದರಲ್ಲಿ ಗುಲಾಬಿ ಅಂಗಿ ತೊಟ್ಟ ಹೊಸ ಹುಡುಗನನ್ನು ಕೆಲವರು ಪೀಡಿಸಿದರು. ಡೇವಿಡ್ ಶೆಫರ್ಡ್, ಟ್ರಾವಿಸ್ ಪ್ರೈಸ್ ಎಂಬ ಹಿರಿಯ ವಿದ್ಯಾರ್ಥಿಗಳು 50 ಗುಲಾಬಿ ಅಂಗಿ ಕೊಂಡು ತಂದು ಹಂಚಿದರು. ನೂರಾರು ಮಕ್ಕಳು ಅದೇ ಬಣ್ಣದಲ್ಲಿ ಶಾಲೆಗೆ ಬಂದರು. ಅಂಗಿಗಿಂತ ಮುಖ್ಯವಾದದ್ದು, ಹಿಂದಿನ ರಾತ್ರಿಯೇ ಅವರು ಸಹಪಾಠಿಗಳಿಗೆ ಸುದ್ದಿ ಮುಟ್ಟಿಸಿ ಜತೆ ಕಟ್ಟಿಕೊಂಡದ್ದು.

ನೀನು ಅಷ್ಟು ದೊಡ್ಡದೇನೂ ಮಾಡಬೇಕಿಲ್ಲ. ನಾಳೆ ಬಿಸಿಯೂಟಕ್ಕೆ ಅವನ ಪಕ್ಕ ಕೂರು. ಅವನಿಗೆ ಏನು ಬೇಕೆಂದು ಮೊದಲು ಕೇಳು. ಕೇಳದೆ ಮುಂದೆ ಹೋದರೆ ಅವನ ಮುಜುಗರ ಹೆಚ್ಚುತ್ತದೆ. ಅವನು ಒಪ್ಪಿದರೆ, ಇಬ್ಬರು ಗೆಳತಿಯರನ್ನು ಸೇರಿಸಿಕೊಂಡು, ಯಾವ ದಿನ ಯಾರು ಏನೆಂದರು ಎಂದು ಬರೆದು ಮುಖ್ಯೋಪಾಧ್ಯಾಯರಿಗೆ ಕೊಡು. ಒಂದು ಪ್ರತಿ ನಿನ್ನ ಬಳಿ ಇರಲಿ. ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ಗೆ ಮಾತ್ರ ಹಾಕಬೇಡ. ಅವನ ಅವಮಾನ ಊರೆಲ್ಲ ಸುತ್ತುತ್ತದೆ.

‘ಮಕ್ಕಳ ತಮಾಷೆ’ ಎಂದು ಯಾರಾದರೂ ತಳ್ಳಿಹಾಕಿದರೆ ಒಪ್ಪಬೇಡ. ಪರಿಶಿಷ್ಟರನ್ನು ನಾಲ್ಕು ಜನರೆದುರು ಜಾತಿ ಹೆಸರು ಹಿಡಿದು ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಶಾಲೆ ಕಿವಿಗೊಡದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡು. ಹಗಲು ರಾತ್ರಿ ತೆರೆದಿರುತ್ತದೆ, ಕರೆ ಉಚಿತ.

ಈ ಉತ್ತರವನ್ನು ನಿನ್ನ ಅಮ್ಮನಿಗೂ ತೋರಿಸು. ದೂರು ಕೊಡುವ ದಿನ ಅವರೂ ನಿನ್ನೊಂದಿಗೆ ಶಾಲೆಗೆ ಬರಲಿ.