ಕಂದರದ ಮೇಲಣ ಕಮಾನು

ಹೊಳೆಗೆ ಸೇತುವೆ ಕಟ್ಟುವಾಗ ನಡುವೆ ಕಂಬಗಳನ್ನು ನಿಲ್ಲಿಸಿ ಅವುಗಳ ಮೇಲೆ ದಾರಿಯನ್ನು ಹಾಸುವುದು ನಾವೆಲ್ಲರೂ ಕಂಡ ಕ್ರಮ. ಆದರೆ ಕಂಬ ನಿಲ್ಲಿಸಲಾಗದಷ್ಟು ಆಳವಾದ ಬೆಟ್ಟದ ಕಂದರವಿದ್ದರೆ ಮಾಡುವುದೇನು? ಸ್ವಿಟ್ಸರ್ಲೆಂಡ್ ದೇಶದ ಸಾಲ್ಗಿನಾಟೋಬೆಲ್ ಸೇತುವೆಯಿಂದ ಇದಕ್ಕೆ ಉತ್ತರವನ್ನು ಕಲಿಯೋಣ.

ಆ ದೇಶದ ಪೂರ್ವಭಾಗದಲ್ಲಿ ಶಿಯರ್ಸ್ ಎಂಬ ಊರು ಕಣಿವೆಯಲ್ಲಿಯೂ, ಶೂಡರ್ಸ್ ಎಂಬ ಚಿಕ್ಕ ಹಳ್ಳಿಯು ಬೆಟ್ಟದ ಮೇಲೆಯೂ ಇವೆ. ಇವುಗಳ ನಡುವೆ ಸಾಲ್ಗಿನಾ ತೊರೆಯು ಕೊರೆದ ಕಂದರವುಂಟು. ಹಳ್ಳಿಯವರಿಗೆ ದಾರಿ ಬೇಕಾಗಿತ್ತು. ವೆಚ್ಚಕ್ಕೆ ಹಣವಾದರೋ ಮಿತವಾಗಿತ್ತು. 1928ರ ಸ್ಪರ್ಧೆಗೆ ಬಂದ ಯೋಜನೆಗಳಲ್ಲಿ ರೊಬೆರ್ಟ್ ಮೈಯಾರ್ ಎಂಬ ಇಂಜಿನಿಯರನದೇ ಎಲ್ಲಕ್ಕಿಂತ ಅಗ್ಗವಾಗಿತ್ತು.

ಈ ಮಿತವ್ಯಯವನ್ನು ಅವನಿಗೆ ಕಲಿಸಿದ್ದು ಒಂದು ಬಿರುಕು. 1901ರಲ್ಲಿ ಅವನು ಟ್ಸುವೋಟ್ಸ್ ಎಂಬಲ್ಲಿ ಕಟ್ಟಿಸಿದ ಸೇತುವೆಯ ಪಕ್ಕದ ಗೋಡೆಗಳು ದಡದ ಬಳಿಯಲ್ಲಿ ಬಿರಿದವು. ಅವನು ಪರೀಕ್ಷಿಸಿ, ಅಲ್ಲಿಯ ಗೋಡೆಯು ಭಾರವನ್ನು ಹೊರುವುದಕ್ಕೆ ಅವಶ್ಯವಲ್ಲವೆಂದು ತಿಳಿದನು. 1905ರ ತಾವನಾಸಾ ಸೇತುವೆಯಲ್ಲಿ ಆ ಭಾಗವನ್ನೇ ತೆಗೆದುಹಾಕಿದನು. ಅದು 1927ರಲ್ಲಿ ಬೆಟ್ಟ ಕುಸಿದು ನಾಶವಾಯಿತು. ಅದರ ಪಾಠವು ಮಾತ್ರ ಸಾಲ್ಗಿನಾ ಕಂದರದಲ್ಲಿ ಪುನಃ ಫಲಿಸಿತು.

ಕಮಾನಿನ ಗುಟ್ಟನ್ನು ಮನೆಯಲ್ಲಿಯೇ ನೋಡಬಹುದು. ದಪ್ಪ ಕಾಗದದ ಪಟ್ಟಿಯನ್ನು ಎರಡು ಪುಸ್ತಕಗಳ ಮೇಲೆ ಚಪ್ಪಟೆಯಾಗಿಟ್ಟು ಒಂದು ನಾಣ್ಯವನ್ನಿಡಿರಿ; ಅದು ಜಗ್ಗುವುದು. ಅದೇ ಪಟ್ಟಿಯನ್ನು ಪುಸ್ತಕಗಳ ನಡುವೆ ಕಮಾನಾಗಿ ಬಗ್ಗಿಸಿ ನಿಲ್ಲಿಸಿದರೆ ಹೆಚ್ಚು ಭಾರವನ್ನು ತಾಳುವುದು. ಆದರೆ ಪುಸ್ತಕಗಳು ಹಿಂದಕ್ಕೆ ಸರಿಯಬಾರದು. ಕಾಂಕ್ರೀಟು ಎಳೆತಕ್ಕೆ ದುರ್ಬಲ, ಒತ್ತಡಕ್ಕೆ ಬಲಿಷ್ಠ. ಕಮಾನು ತನ್ನ ಭಾರವನ್ನು ಒತ್ತಡವಾಗಿ ಮಾರ್ಪಡಿಸಿ ಎರಡು ಕಡೆಯ ಬಂಡೆಗಳಿಗೆ ಒಪ್ಪಿಸುತ್ತದೆ. ಪುಸ್ತಕದ ಕೆಲಸವನ್ನು ಅಲ್ಲಿ ಬೆಟ್ಟವೇ ಮಾಡುತ್ತದೆ.

ಬಿಸಿಲಿಗೆ ಕಾಂಕ್ರೀಟು ಹಿಗ್ಗುವುದು, ಚಳಿಗೆ ಕುಗ್ಗುವುದು. ಅದರಿಂದ ಬಿರಿಯದಂತೆ ಮೈಯಾರನು ಎರಡು ತುದಿಗಳಲ್ಲಿಯೂ ನೆತ್ತಿಯಲ್ಲಿಯೂ ಹೀಗೆ ಮೂರು ಕೀಲುಗಳನ್ನಿಟ್ಟನು. ಕೀಲಿರುವಲ್ಲಿ ಬಾಗಿಸುವ ಬಲವಿಲ್ಲ. ಆದುದರಿಂದ ಅಲ್ಲಿ ಕಮಾನು ತೆಳುವಾಗಿದೆ. ಕೀಲುಗಳ ನಡುವೆ ಆ ಬಲವು ಹೆಚ್ಚು. ಅಲ್ಲಿ ಅದು ಆಳವಾಗಿ, ಒಳಗೆ ಟೊಳ್ಳಾದ ಪೆಟ್ಟಿಗೆಯಂತಿದೆ. ಹೀಗೆ ಕಮಾನಿನ ಪ್ರತಿಯೊಂದು ಅರ್ಧವೂ ನೂಲು ತುಂಬಿದ ಕದಿರಿನಂತೆ ಕಾಣುತ್ತದೆ.

ಹಸಿ ಕಾಂಕ್ರೀಟನ್ನು ಗಟ್ಟಿಯಾಗುವವರೆಗೆ ಹೊರುವುದಕ್ಕೆ ಮರದ ಸಾರವೆ ಬೇಕು. ರಿಚರ್ಡ್ ಕೋರಾಯ್ ಎಂಬ ನಿಪುಣನು ಬೀಸಣಿಗೆ ಬಿಚ್ಚಿದಂತೆ ಹರಡಿದ ಮರದ ತೊಲೆಗಳಿಂದ ಅದನ್ನು ಆ ಕಂದರದಲ್ಲಿ ಕಟ್ಟಿದನು. ಮೊದಲು ಕಮಾನಿನ ತೆಳುವಾದ ತಳವನ್ನು ಮಾತ್ರ ಎರೆದರು. ಅದು ಗಟ್ಟಿಯಾದ ಮೇಲೆ ಮುಂದಿನ ಗೋಡೆಗಳ ಭಾರವನ್ನು ಹೊರುವುದರಲ್ಲಿ ತಾನೇ ಸಹಾಯಮಾಡಿತು. ಆದಕಾರಣ ಸಾರವೆಯೂ ಹಗುರವಾಯಿತು, ಖರ್ಚೂ ಇಳಿಯಿತು. 1929ರಲ್ಲಿ ಆರಂಭವಾದ ಕೆಲಸ 1930ರಲ್ಲಿ ಮುಗಿಯಿತು. ತೊರೆಯಿಂದ ಸುಮಾರು 90 ಮೀಟರು ಎತ್ತರದಲ್ಲಿ, 90 ಮೀಟರು ಅಗಲದ ಕಂದರವನ್ನು ಒಂದೇ ಕಮಾನು ದಾಟಿತು.

1991ರಲ್ಲಿ ಅಮೆರಿಕದ ಸಿವಿಲ್ ಇಂಜಿನಿಯರುಗಳ ಸಂಘವು ಇದನ್ನು ಐತಿಹಾಸಿಕ ಸ್ಮಾರಕವೆಂದು ಗೌರವಿಸಿತು. ಇಂಥದಕ್ಕೂ ಆರೈಕೆ ತಪ್ಪಲಿಲ್ಲ. ನೀರು ಇಳಿದು ಕೆಟ್ಟ ಕಾಂಕ್ರೀಟನ್ನು 1990ರ ದಶಕದ ಕೊನೆಯಲ್ಲಿ ದುರಸ್ತಿ ಮಾಡಿದರು.

ಬಿರುಕಿಗೆ ಗಾರೆ ಮೆತ್ತಿ ಸುಮ್ಮನಿರುವುದು ಸುಲಭವಾಗಿತ್ತು. ಅದೇಕೆ ಬಂದಿತೆಂದು ವಿಚಾರಿಸಿದ್ದರಿಂದಲೇ ಒಂದು ಬಡ ಹಳ್ಳಿಗೆ ದಾರಿಯಾಯಿತು. ನಮ್ಮ ಹೆಣ್ಣುಮಕ್ಕಳು ತಪ್ಪಿದ ಲೆಕ್ಕವನ್ನು ಅಳಿಸುವ ಮುನ್ನ ಅದು ತಪ್ಪಿದ್ದೆಲ್ಲಿ ಎಂದು ನೋಡುವ ಅಭ್ಯಾಸವನ್ನು ಮಾಡಿಕೊಳ್ಳಲಿ ಎಂದು ನಾವು ಹಾರೈಸುತ್ತೇವೆ.