ಹುಲಿಯ ಸುಳಿವು ಕೊಡುವವರು ಯಾರು?

ಪ್ರಶ್ನೆ: ಕಬಿನಿ ಸಫಾರಿಯಲ್ಲಿ ಚಾಲಕರು ಜೀಪು ನಿಲ್ಲಿಸಿ, ಎಂಜಿನ್ ಆರಿಸಿ, ‘ಹುಲಿ ಇಲ್ಲೇ ಇದೆ’ ಎಂದರು. ಸ್ವಲ್ಪ ಹೊತ್ತಿಗೆ ಅದು ನಿಜವಾಗಿಯೂ ದಾರಿಗೆ ಬಂತು. ಅವರಿಗೆ ಹೇಗೆ ಗೊತ್ತಾಯಿತು? ಹುಲಿಗೆ ಕಟ್ಟಿದ ಯಂತ್ರದಿಂದ ಸಂದೇಶ ಬರುತ್ತದೆಯೇ?

ಉತ್ತರ: ಈ ಅನುಮಾನ ಅನೇಕರಿಗೆ ಬರುತ್ತದೆ. 1990ರ ಸುಮಾರಿಗೆ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು, ಕಬಿನಿಯೂ ಸೇರಿರುವ ನಾಗರಹೊಳೆ ಕಾಡಿನ ಕೆಲವು ಹುಲಿಗಳಿಗೆ ರೇಡಿಯೋ ಕಾಲರ್ ತೊಡಿಸಿ ಅಧ್ಯಯನ ನಡೆಸಿದ್ದುಂಟು. ಅದು ಸಂಶೋಧನೆಯ ಕೆಲಸ. ಸಫಾರಿ ಚಾಲಕರಿಗೆ ಸುದ್ದಿ ಮುಟ್ಟಿಸುವುದು ಜಿಂಕೆ, ಮುಸುವ, ಕಡವೆಗಳು.

ಹುಲಿ ಬಹುದೂರ ಅಟ್ಟಿಸಿಕೊಂಡು ಓಡುವ ಪ್ರಾಣಿಯಲ್ಲ. ಹೊಂಚು ಹಾಕಿ, ತೀರ ಹತ್ತಿರ ಬಂದು ಮೇಲೆರಗುತ್ತದೆ. ಆದ್ದರಿಂದ ‘ನಿನ್ನನ್ನು ನೋಡಿಯಾಯಿತು’ ಎಂಬಂತೆ ಬಲಿಪ್ರಾಣಿ ಕೂಗಿದರೆ ಬೇಟೆ ಕೆಟ್ಟಂತೆಯೇ. ಎಷ್ಟೋ ಸಲ ಹುಲಿ ಅಲ್ಲಿಗೇ ಕೈಬಿಟ್ಟು ಮುಂದೆ ನಡೆಯುತ್ತದೆ. ಆ ಕೂಗಿನ ಅರ್ಥ ಹಿಂಡಿಗೆ ಎಷ್ಟು ಸ್ಪಷ್ಟವೋ ಹುಲಿಗೂ ಅಷ್ಟೇ ಸ್ಪಷ್ಟ.

ಎಲ್ಲ ಕೂಗಿಗೂ ಒಂದೇ ಬೆಲೆಯಿಲ್ಲ. ಮುಸುವ ಮರದ ಮೇಲಿಂದ ದೂರ ನೋಡುತ್ತದೆ, ಕೆಮ್ಮಿದಂತೆ ‘ಖಕ್, ಖಕ್’ ಎನ್ನುತ್ತದೆ. ಕೆಳಗೆ ಮೇಯುವ ಜಿಂಕೆಗಳು ಅದನ್ನು ನಂಬಿ ತಲೆಯೆತ್ತುತ್ತವೆ. ಜಿಂಕೆ ಅಂಜುಬುರುಕ, ಚಿರತೆ, ಸೀಳುನಾಯಿ ಕಂಡರೂ ಕೂಗುತ್ತದೆ, ಕೆಲವೊಮ್ಮೆ ಬರೀ ಅನುಮಾನಕ್ಕೂ. ಕಡವೆ ಹಾಗಲ್ಲ. ಅದು ಮೇಲಿಂದ ಮೇಲೆ ಕೂಗತೊಡಗಿದರೆ ಅನುಭವಸ್ಥ ಚಾಲಕರು ಜೀಪನ್ನು ಅತ್ತ ತಿರುಗಿಸಿಯೇಬಿಡುತ್ತಾರೆ.

ಇಲ್ಲಿ ಹೊಸಬರಿಗೆ ಒಂದು ಗೊಂದಲ ಸಹಜ. ಬೆದೆಗಾಲದಲ್ಲಿ ಗಂಡು ಜಿಂಕೆ ಉದ್ದಕ್ಕೆ, ಒರಟಾಗಿ ಅರಚುತ್ತದೆ. ಅದಕ್ಕೂ ಹುಲಿಗೂ ಸಂಬಂಧವಿಲ್ಲ. ಎಚ್ಚರಿಕೆಯ ಕೂಗು ಚಿಕ್ಕದು, ಚೂಪಾದದ್ದು. ಕೂಗುವ ಜಿಂಕೆಯ ಮೈಯನ್ನೂ ಗಮನಿಸಿ: ಬಾಲ ಮೇಲೆತ್ತಿರುತ್ತದೆ, ಮುಂಗಾಲನ್ನು ನೆಲಕ್ಕೆ ಬಡಿಯುತ್ತದೆ, ನೋಟ ಒಂದೇ ಪೊದೆಯ ಮೇಲೆ ನೆಟ್ಟಿರುತ್ತದೆ. ಹಿಂಡೆಲ್ಲ ಒಂದೇ ದಿಕ್ಕಿಗೆ ನೋಡುತ್ತಿದ್ದರೆ ನೀವೂ ಅತ್ತಲೇ ನೋಡಬೇಕು.

ಇನ್ನು, ಹುಲಿ ದಾರಿಗೇ ಬಂದದ್ದೇಕೆ? ಅದರ ಮೆತ್ತನೆಯ ಅಂಗಾಲಿಗೆ ಮುಳ್ಳುಪೊದೆಗಿಂತ ಮಣ್ಣಿನ ದಾರಿ ಹಿತ. ಹೆಜ್ಜೆಗುರುತು ಯಾವ ಕಡೆಗಿದೆ, ಕೂಗು ಎತ್ತ ಸರಿಯುತ್ತಿದೆ ಎಂಬುದನ್ನು ಕೂಡಿಸಿ, ಹುಲಿ ದಾರಿ ದಾಟಬಹುದಾದ ಜಾಗವನ್ನು ಚಾಲಕರು ಅಂದಾಜು ಮಾಡುತ್ತಾರೆ. ಅಂದಾಜು ತಪ್ಪುವುದೂ ಉಂಟು. ಆದರೂ ಈ ವಿದ್ಯೆಗೆ ನಾವು ಕೊಡುವ ಗೌರವ ಸಾಲದು ಎಂದೇ ನನ್ನ ಅನಿಸಿಕೆ.

ಮುಂದಿನ ಸಲ ‘ಬೇಗ ಓಡಿಸಿ’ ಎಂದು ಅವರನ್ನು ಅವಸರಪಡಿಸಬೇಡಿ. ಎಂಜಿನ್ ಆರಿದಾಗ ನೀವೂ ಮಾತು ನಿಲ್ಲಿಸಿ, ಮೊಬೈಲಿನ ಸದ್ದು ಅಡಗಿಸಿ, ಕಿವಿಗೊಟ್ಟು ಕೇಳಿ.