ಎಂಡಿಎಫ್‌ಗೆ ಬಣ್ಣ: ಮೊದಲು ಅಂಚು ಗಟ್ಟಿಮಾಡಿ

ಧಾರೇಶ್ವರದಂಥ ಕಡಲಂಚಿನ ಊರಲ್ಲಿ ಎಂಡಿಎಫ್ ಕಪಾಟು ಮಾಡಿಸಿದವರ ದೂರು ಹೆಚ್ಚಾಗಿ ಒಂದೇ: ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲಿನ ಅಂಚು ಉಬ್ಬಿತು, ಬಣ್ಣ ಸೀಳಿತು. ಬಹಳ ಸಲ ಇದಕ್ಕೆ ಕಾರಣ ಬಣ್ಣಕ್ಕೆ ಮೊದಲಿನ ತಯಾರಿಯಲ್ಲೇ ಇರುತ್ತದೆ.

ಮರದ ನಾರಿಗೆ ಅಂಟು ಬೆರೆಸಿ, ಬಿಸಿಯಲ್ಲಿ ಒತ್ತಿ ಮಾಡುವ ಹಲಗೆ ಎಂಡಿಎಫ್. ಮೇಲ್ಮೈ ಗಟ್ಟಿ, ಒಳಗೆ ಸಡಿಲ. ಗರಗಸ ಹಾಯಿಸಿದಲ್ಲಿ ಆ ಸಡಿಲ ನಾರು ಹೊರಬಿದ್ದು ಬಣ್ಣವನ್ನೂ ತೇವವನ್ನೂ ಹೀರುತ್ತದೆ. ಒಮ್ಮೆ ಉಬ್ಬಿದ ಅಂಚು ಒಣಗಿದರೂ ಮೊದಲಿನಂತೆ ಕೂರುವುದಿಲ್ಲ.

ಈ ಕೆಲಸಕ್ಕೆ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಕುಮಟಾದಿಂದಲೋ ಹೊನ್ನಾವರದಿಂದಲೋ ತಂದ ಹಲಗೆಯನ್ನು ಕೆಲವು ದಿನ ಮನೆಯೊಳಗೇ ಮಲಗಿಸಿಡಿ. ಕೊಯ್ಯುವುದು, ಹಿಂಜಿನ 35 ಮಿ.ಮೀ. ಗುಳಿ, ಸ್ಕ್ರೂ ತೂತು ಎಲ್ಲವೂ ಮೊದಲೇ ಮುಗಿಯಲಿ. ಬಣ್ಣದ ಮೇಲೆ ಕೊರೆದ ತೂತು ತೇವಕ್ಕೆ ದಾರಿ.

ಅಂಚನ್ನು 180ರ, ಬಳಿಕ 220ರ ಸ್ಯಾಂಡ್ ಪೇಪರಿನಿಂದ ಉಜ್ಜಿ. ಮೂಲೆಯ ಚೂಪನ್ನು ತುಸು ಮೊಂಡಾಗಿಸಿ, ಚೂಪಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಧೂಳಿನಲ್ಲಿ ಅಂಟಿನ ಅಂಶವೂ ಇರುವುದರಿಂದ ಮಾಸ್ಕ್ ಇಲ್ಲದೆ ಉಜ್ಜಲೇಬೇಡಿ. ನಂತರ ಅಂಚಿಗೆ ಎಣ್ಣೆ ಆಧಾರಿತ ವುಡ್ ಪುಟ್ಟಿಯನ್ನು ತೆಳುವಾಗಿ ಎಳೆಯಿರಿ. ನೀರಲ್ಲಿ ಕಲಸುವ ಗೋಡೆ ಪುಟ್ಟಿ ಬೇಡ. ಫೆವಿಕಾಲ್‌ಗೆ ನೀರು ಬೆರೆಸಿ ಹಚ್ಚುವವರಿದ್ದಾರೆ. ನಮ್ಮ ಕರಾವಳಿಯ ತೇವಕ್ಕೆ ಅದು ಮೆತ್ತಗಾಗುತ್ತದೆ, ಉಜ್ಜುವಾಗ ಪೇಪರಿಗೂ ಮೆತ್ತಿಕೊಳ್ಳುತ್ತದೆ. ಮರುದಿನ ಪುಟ್ಟಿ ಉಜ್ಜಿ, ಉಗುರು ಎಳೆದು ನೋಡಿ. ಎಲ್ಲೂ ತಡೆಯಬಾರದು.

ಈಗ ಟರ್ಪೆಂಟೈನ್ ಬೆರೆಸುವ ವುಡ್ ಪ್ರೈಮರ್. ನೀರಿನ ಪ್ರೈಮರ್ ಹಚ್ಚಿದರೆ ನಾರು ಎದ್ದು ನಿಲ್ಲುತ್ತದೆ. ಗೋಡೆಗೆ ಮುಖಮಾಡುವ ಬೆನ್ನು, ನೆಲದ ಕಡೆಯ ಅಡಿ ಸೇರಿ ಆರೂ ಮೈಗೆ ಹಚ್ಚಿ; ಒಂದೇ ಮೈ ಮುಚ್ಚಿದ ಹಲಗೆ ಬಾಗುತ್ತದೆ. ಸಿಂಕಿನ ಕೆಳಗಿನ ಬಾಗಿಲಿನ ಅಡಿ ಅಂಚಿಗೆ ಒಂದು ಕೋಟ್ ಹೆಚ್ಚೇ ಇರಲಿ. ರಾತ್ರಿಯಿಡೀ ಒಣಗಿದ ಮೇಲೆ 320ರ ಪೇಪರ್. ಪ್ರೈಮರ್ ಅಕ್ಕಿಹಿಟ್ಟಿನಂತೆ ಉದುರಿದರೆ ಸರಿ, ಪೇಪರಿಗೆ ಅಂಟಿದರೆ ಇನ್ನೂ ಒಣಗಿಲ್ಲ. ಧೂಳು ಒರೆಸಿ ಎರಡನೇ ಕೋಟ್ ಕೊಡಿ, ಮತ್ತೆ ಉಜ್ಜಿ. ಮೊಬೈಲ್ ಟಾರ್ಚನ್ನು ಹಲಗೆಗೆ ಓರೆಯಾಗಿ ಹಿಡಿದರೆ ಉಳಿದ ಗೀರುಗಳೆಲ್ಲ ಕಾಣುತ್ತವೆ.

ಕೊನೆಗೆ ಫೋಮ್ ರೋಲರಿನಲ್ಲಿ ಎನಾಮೆಲ್, ಎರಡು ತೆಳು ಕೋಟ್. ಎನಾಮೆಲ್ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಬೇಡ, ಅದರ ಥಿನ್ನರಿಗೆ ಕೆಳಗಿನ ಪದರ ಸುಕ್ಕುಗಟ್ಟುತ್ತದೆ. ಕೈಗೆ ಒಣಗಿದಂತೆ ಕಂಡರೂ ಒಂದು ವಾರ ಬಾಗಿಲುಗಳನ್ನು ಒಂದಕ್ಕೊಂದು ತಾಗಿಸಿಡಬೇಡಿ, ಅಂಟಿಕೊಳ್ಳುತ್ತವೆ.